ನಮ್ಮ ವಂಶಾವಳಿ ಎಲ್ಲಿ ಸಿಗುತ್ತದೆ? ಮುಂಬಯಿಯಲ್ಲಿ ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮುಂಬಯಿಯ ಕನ್ನಡ, ತುಳು ಸಂಘಗಳ ಸಮಾರಂಭಗಳಲ್ಲಿ, ಮದುವೆಯ ಊಟದ ಸಾಲಿನಲ್ಲಿ, ನನ್ನನ್ನು ಬಲ್ಲವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: "ನಮ್ಮ ಮನೆತನದ ವಂಶಾವಳಿ ಎಲ್ಲಿ ಸಿಗುತ್ತದೆ? ಯಾವ ಕಚೇರಿಗೆ ಅರ್ಜಿ ಹಾಕಬೇಕು?" ಕೆಲವು ಗೆಳೆಯರು ಭಾನುವಾರಗಳಂದು ಒಟ್ಟು ಸೇರಿ, ಜನ ತರುವ ಹಳೆಯ ಕಾಗದಪತ್ರಗಳನ್ನು ಓದಿ, ಸ್ಕ್ಯಾನ್ ಮಾಡಿ, ಕುಟುಂಬದ ಹೆಸರುಗಳನ್ನು ಜೋಡಿಸಿಕೊಡುವ ಕೆಲಸದಲ್ಲಿ ನಾನೂ ಇರುವುದರಿಂದ ಈ ಪ್ರಶ್ನೆ ನನ್ನ ಬಳಿಗೆ ಬರುತ್ತದೆ. ನನ್ನ ಉತ್ತರ ಇಷ್ಟು: ವಂಶಾವಳಿ ಯಾವ ಕಚೇರಿಯಲ್ಲಿಯೂ ಸಿದ್ಧವಾಗಿ ಸಿಗುವುದಿಲ್ಲ. ಅದರ ಬಹುಪಾಲು ನಿಮ್ಮ ಮುಂಬಯಿಯ ಮನೆಯ ಟ್ರಂಕಿನಲ್ಲಿ ಮತ್ತು ನಿಮ್ಮ ತಾಯಿಯ ಕಡೆಯ ಹಿರಿಯರ ನೆನಪಿನಲ್ಲಿ ಇದೆ. ಊರಿನ ಕಚೇರಿಗೆ ಹೋಗುವುದು ಆಮೇಲಿನ ಕೆಲಸ.

ಕಚೇರಿಯ ಮಾತು ಮೊದಲು ಬರುವುದಕ್ಕೂ ಕಾರಣವಿದೆ. ಕರ್ನಾಟಕದಲ್ಲಿ ನಾಡಕಚೇರಿ "ವಂಶವೃಕ್ಷ ಪ್ರಮಾಣಪತ್ರ" ಕೊಡುತ್ತದೆ. ಮಹಾರಾಷ್ಟ್ರದಲ್ಲಿ ಮಕ್ಕಳ ಕಾಲೇಜು ಪ್ರವೇಶಕ್ಕೆ ಕಾಸ್ಟ್ ವ್ಯಾಲಿಡಿಟಿ (ಜಾತಿ ಪ್ರಮಾಣಪತ್ರದ ಸಿಂಧುತ್ವ ಪರಿಶೀಲನೆ) ಮಾಡಿಸುವಾಗ ವಂಶಾವಳಿಯ ಶಪಥಪತ್ರವನ್ನೂ, ಇತರ ಹಿಂದುಳಿದ ವರ್ಗದವರಾದರೆ 1967ರ ಅಕ್ಟೋಬರ್ 13ಕ್ಕಿಂತ ಹಿಂದಿನ ದಾಖಲೆಯನ್ನೂ ಕೇಳುತ್ತಾರೆ. ಅಜ್ಜ ಮುಂಬಯಿಗೆ ಯಾವಾಗ ಬಂದರು ಎಂಬ ಪ್ರಶ್ನೆ ಅನೇಕ ಮನೆಗಳಲ್ಲಿ ಮೊದಲ ಬಾರಿಗೆ ಎದ್ದದ್ದೇ ಈ ಅರ್ಜಿಯ ಕಾಲದಲ್ಲಿ. ಆದರೆ ನಾಡಕಚೇರಿಯ ಪ್ರಮಾಣಪತ್ರ ಆಸ್ತಿಯ ಹಕ್ಕಿಗೆ ಬೇಕಾದ ವಾರಸುದಾರರನ್ನಷ್ಟೇ ತೋರಿಸುತ್ತದೆ, ಅದೂ ನಾವೇ ಕೊಟ್ಟ ಹೆಸರುಗಳ ಆಧಾರದ ಮೇಲೆ. ನಮಗೆ ಗೊತ್ತಿಲ್ಲದ ಹಿರಿಯರನ್ನು ಅದು ಹುಡುಕಿಕೊಡುವುದಿಲ್ಲ.

ತಾಯಿಯ ಕಡೆ ಎಂದು ಒತ್ತಿ ಹೇಳಿದ್ದಕ್ಕೆ ವಿವರಣೆ ಬೇಕು. ದಕ್ಷಿಣ ಕನ್ನಡ, ಉಡುಪಿಗಳಿಂದ ಮುಂಬಯಿಗೆ ಬಂದ ಬಂಟ, ಬಿಲ್ಲವ, ಮೊಗವೀರ ಕುಟುಂಬಗಳು ಅಳಿಯಸಂತಾನದವು, ಅಂದರೆ ಕುಲವೂ ಆಸ್ತಿಯೂ ತಾಯಿಯ ಸಾಲಿನಲ್ಲಿ ಸಾಗುತ್ತಿದ್ದ ಪದ್ಧತಿಯವು. ಬರಿ ಅಥವಾ ಬಳಿ ಎಂದು ಕರೆಯುವ ಕುಲದ ಹೆಸರು ಮಕ್ಕಳಿಗೆ ಬರುವುದು ತಾಯಿಯಿಂದ. ಬಿಲ್ಲವ, ಮೊಗವೀರರಲ್ಲಿ ಈಗ ಉಪನಾಮವಾಗಿರುವ ಸಾಲಿಯಾನ್, ಬಂಗೇರ, ಸುವರ್ಣ, ಕರ್ಕೇರ, ಕೋಟ್ಯಾನ್, ಕುಂದರ್ ಮುಂತಾದವು ಮೂಲದಲ್ಲಿ ಬರಿಯ ಹೆಸರುಗಳು. ಆದರೆ ಮುಂಬಯಿಯ ಶಾಲೆಯ ಅರ್ಜಿಯಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಉಪನಾಮ ಎಂದು ಮೂರು ಜಾಗಗಳಿದ್ದವು. ಮಗುವಿನ ಹೆಸರಿಗೆ ತಂದೆಯ ಉಪನಾಮ ಸೇರಿಕೊಂಡಿತು. ಹೀಗಾಗಿ ಶಾಲೆಯಲ್ಲಿ ಸಾಲಿಯಾನ್ ಎಂದು ದಾಖಲಾದ ಹುಡುಗನ ಬರಿ ತಾಯಿಯಿಂದ ಬಂದ ಕುಂದರ್ ಆಗಿರಬಹುದು, ಇದು ಅವನ ಮಕ್ಕಳಿಗೆ ಗೊತ್ತೇ ಇಲ್ಲದಿರಬಹುದು. ಮದುವೆಯ ಮಾತುಕತೆಯಲ್ಲಿ ಹಿರಿಯರು ಬರಿ ಕೇಳಿದಾಗ, ಇಲ್ಲವೇ ಆಶ್ಲೇಷಾ ಬಲಿ ಎಂಬ ನಾಗಪೂಜೆ ಮಾಡಿಸಬೇಕೆಂದು ಕುಟುಂಬದ ಮೂಲನಾಗನ ಬನವನ್ನು ಹುಡುಕಹೊರಟಾಗ, ತಂದೆಯ ಸಾಲಿನ ವಂಶವೃಕ್ಷ ಉಪಯೋಗಕ್ಕೆ ಬರುವುದಿಲ್ಲ.

ತಂದೆಯ ಸಾಲನ್ನೇ ಹಿಡಿದು ಹೋದವರು ಅಜ್ಜನ ಹಂತದಲ್ಲಿ ನಿಂತುಬಿಡುವುದನ್ನು ನಾವು ಮೇಲಿಂದ ಮೇಲೆ ನೋಡಿದ್ದೇವೆ. ಅಜ್ಜ ಬೆಳೆದ ಮನೆ ಅವರ ತಾಯಿಯದು. ಜಮೀನಿನ ಕಾಗದಗಳು ಯಜಮಾನನಾಗಿದ್ದ ಸೋದರಮಾವನ ಹೆಸರಿನಲ್ಲಿವೆ. ಅಜ್ಜನ ತಂದೆಯ ಹೆಸರು ಹುಡುಕಿಕೊಂಡು ಹೋದರೆ ಅದು ಬೇರೊಂದು ಕುಟುಂಬದ ದಾಖಲೆಯಲ್ಲಿರುತ್ತದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ (ತಾಯಿಯ ಸಾಲಿನ ಕುಟುಂಬದ ಶಾಖೆಗಳಿಗೆ) ಪಾಲು ಕೇಳುವ ಹಕ್ಕು ಕೊಟ್ಟಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆಸ್ತಿಯ ಕ್ರಮವನ್ನು ಬದಲಿಸಿತು. ಆದರೆ ನಾಗ, ದೈವಗಳ ಸಂಬಂಧ ಇಂದಿಗೂ ತಾಯಿಯ ಮನೆಯೊಂದಿಗೇ ಇದೆ. ಆದ್ದರಿಂದ ಅಮ್ಮ, ಅಮ್ಮನ ಅಮ್ಮ, ಅವರ ಅಕ್ಕತಂಗಿಯರು, ಆ ಅಕ್ಕತಂಗಿಯರ ಮಕ್ಕಳು ಎಂಬ ಕ್ರಮದಲ್ಲಿ ಬರೆಯಲು ಹೇಳುತ್ತೇವೆ; ತಂದೆಯ ಸಾಲನ್ನು ಅದರ ಪಕ್ಕದಲ್ಲಿ ಬರೆದರೆ ಸಾಕು. ತಂದೆಯ ಸಾಲಿನಲ್ಲಿ ಸಾಗುವ ಮಕ್ಕಳಸಂತಾನದ ಮನೆತನಗಳಲ್ಲಿ ಕ್ರಮ ತಿರುವುಮುರುವು, ಆದರೆ ಅಲ್ಲಿ ಕಾಣೆಯಾಗುವುದು ಹೆಂಗಸರ ಹೆಸರು. ಮದುವೆಯಾಗಿ ಬಂದ ಸೊಸೆಯ ತವರಿನ ಹೆಸರು ಯಾವುದೆಂದು ಮೊಮ್ಮಕ್ಕಳಿಗೆ ಗೊತ್ತಿಲ್ಲದ ಮನೆಗಳು ಎಷ್ಟೋ ಇವೆ. ಇದನ್ನು ನಾನು ಸಣ್ಣ ಲೋಪ ಎಂದು ಭಾವಿಸುವುದಿಲ್ಲ. ಹೆಂಗಸರ ಹೆಸರಿಲ್ಲದ ವಂಶಾವಳಿ ಅರ್ಧ ಕುಟುಂಬದ್ದು.

ಹಿರಿಯರ ಬಳಿ ಕೂತಾಗ "ನಿಮ್ಮ ಮುತ್ತಜ್ಜಿಯ ಹೆಸರೇನು" ಎಂದು ನೇರವಾಗಿ ಕೇಳಿದರೆ ಹೆಚ್ಚಿನವರು ಗೊತ್ತಿಲ್ಲ ಎನ್ನುತ್ತಾರೆ. "ನಿಮ್ಮ ಅಮ್ಮನ ಬಾಣಂತನ ಯಾರು ಮಾಡಿದರು? ಮನೆಯ ದೈವದ ಕೋಲಕ್ಕೆ ಯಾವ ಯಾವ ಮನೆಯವರು ಬರುತ್ತಿದ್ದರು? ಬಂಬಯಿಗೆ ಬಂದಾಗ ಮೊದಲು ಯಾರ ಕೋಣೆಯಲ್ಲಿ ಇಳಿದುಕೊಂಡಿರಿ?" ಎಂದು ಕೇಳಿದರೆ ಅದೇ ಅಜ್ಜಿಯ ಬಾಯಿಂದ ಹೆಸರುಗಳು ಒಂದರ ಹಿಂದೆ ಒಂದು ಬರುತ್ತವೆ. ಮಾತು ತುಳುವಿನಲ್ಲೇ ಇರಲಿ, ಕೊಂಕಣಿಯಲ್ಲೇ ಇರಲಿ, ಅವರಾಡುವ ಭಾಷೆಯಲ್ಲೇ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.

ಮನೆಯ ಕಾಗದಗಳಲ್ಲಿ ನನಗೆ ಅತ್ಯಂತ ಅಮೂಲ್ಯವೆನಿಸುವುದು ಮದುವೆಯ ಉಡುಗೊರೆಯ ಲೆಕ್ಕ ಬರೆದಿಟ್ಟ ನೋಟ್‌ಬುಕ್. ಮುಯ್ಯಿ ತೀರಿಸಲು ನೆನಪಿಗಿರಲಿ ಎಂದು ಬರೆದಿಟ್ಟ ಈ ಪುಸ್ತಕವನ್ನು ಯಾರೂ ದಾಖಲೆಯೆಂದು ಭಾವಿಸುವುದಿಲ್ಲ, ಮನೆ ಬದಲಿಸುವಾಗ ಮೊದಲು ರದ್ದಿಗೆ ಹೋಗುವುದೂ ಇದೇ. "ಪಡುಮನೆ ದೊಡ್ಡಮ್ಮ, 5 ರೂಪಾಯಿ. ಹೊಸಮನೆ ಅತ್ತಿಗೆ, ಸ್ಟೀಲಿನ ಚೊಂಬು. ಫೋರ್ಟಿನ ಹೋಟೆಲ್ ಮಾವ, 11 ರೂಪಾಯಿ" ಎಂಬಂತಹ ಸಾಲುಗಳಲ್ಲಿ ಸಂಬಂಧ, ಊರಿನ ಮನೆಯ ಹೆಸರು, ಮುಂಬಯಿಯ ಠಿಕಾಣಿ ಮೂರೂ ಒಟ್ಟಿಗೆ ಸಿಗುತ್ತವೆ. ಅದೇ ಮದುವೆಯ ಆಮಂತ್ರಣ ಪತ್ರಿಕೆಯೂ ಉಳಿದಿದ್ದರೆ ಸೋದರಮಾವಂದಿರ ಹೆಸರುಗಳೂ ಸೇರಿ ಎರಡು ತಲೆಮಾರು ಕಣ್ಣೆದುರು ನಿಲ್ಲುತ್ತದೆ.

ಇನ್ನೊಂದು ಶಾಲೆ ಬಿಟ್ಟ ಸರ್ಟಿಫಿಕೇಟು. ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ತಲೆಮಾರಿನ ಹುಡುಗರ ಹುಟ್ಟೂರು ಅದರಲ್ಲಿ ಇರುತ್ತದೆ. ಜನ್ಮದಿನಾಂಕವನ್ನು ಮಾತ್ರ ಕಣ್ಣು ಮುಚ್ಚಿ ನಂಬಬಾರದು. ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸಲು ಅನುಕೂಲವಾಗುವಂತೆ ಮಾಸ್ತರರು ಬರೆದ ದಿನವಾಗಿರುವ ಸಾಧ್ಯತೆ ಹೆಚ್ಚು. ಸರ್ಟಿಫಿಕೇಟು ಕಳೆದಿದ್ದರೆ ಶಾಲೆಯ ಜನರಲ್ ರಿಜಿಸ್ಟರ್ ಇದೆಯೇ ಎಂದು ಅದನ್ನು ನಡೆಸಿದ ಸಂಸ್ಥೆಯಲ್ಲಿ ವಿಚಾರಿಸಬೇಕು. ಜನನ ದಾಖಲೆ ಮುಂಬಯಿಯ ವಾರ್ಡ್ ಕಚೇರಿಯಲ್ಲಿ ಇಲ್ಲವೆಂದು ನಿರಾಶರಾಗುವವರು ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತಿತ್ತೆಂಬುದನ್ನು ಮರೆತಿರುತ್ತಾರೆ. ಅಣ್ಣನ ಹುಟ್ಟು ಊರಿನ ದಾಖಲೆಯಲ್ಲಿ, ತಮ್ಮನದು ಮುಂಬಯಿಯಲ್ಲಿ ಇರುವುದು ಸಾಮಾನ್ಯ. ಸಮುದಾಯದ ಸಂಸ್ಥೆಗಳ ಹಳೆಯ ಮಾಸಪತ್ರಿಕೆ, ಸ್ಮರಣ ಸಂಚಿಕೆಗಳಲ್ಲಿ ಮದುವೆ, ಮರಣದ ಸುದ್ದಿಗಳಿರುತ್ತವೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, 1927ರ ಬಂಟರ ಸಂಘದಂತಹ ಹಳೆಯ ಸಂಸ್ಥೆಗಳು ಈ ನಗರದಲ್ಲಿರುವುದು ನಮ್ಮ ಭಾಗ್ಯ.

ಇಷ್ಟೆಲ್ಲ ಕೈಯಲ್ಲಿ ಹಿಡಿದುಕೊಂಡ ಮೇಲೆ ಊರಿನ ಕಚೇರಿಗಳು ಉಪಯೋಗಕ್ಕೆ ಬರುತ್ತವೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾದ ಅಳಿಯಸಂತಾನ ಕುಟುಂಬದ ಪಾಲುಪಟ್ಟಿ ಸಿಕ್ಕಿದರೆ ಅದಕ್ಕಿಂತ ದೊಡ್ಡ ನಿಧಿಯಿಲ್ಲ. ಕವರು ಕವರಾಗಿ, ಹೆಂಗಸರು ಮತ್ತು ಮೈನರ್ ಮಕ್ಕಳು ಸೇರಿ ಕುಟುಂಬದ ಸದಸ್ಯರೆಲ್ಲರ ಹೆಸರು ಅದರಲ್ಲಿ ಇರುತ್ತದೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸ್ಥಿರಾಸ್ತಿ ದಾಖಲೆಗಳ ಸೂಚಿಯನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ಒಕ್ಕಲಾಗಿದ್ದ ಕುಟುಂಬಗಳಿಗೆ ಭೂಸುಧಾರಣೆಯ ಕಾಲದ ಡಿಕ್ಲರೇಶನ್ ಕಡತಗಳಿವೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಒಕ್ಕಲುಗಳು ಭೂಮಿಯ ಹಕ್ಕು ಕೇಳಿ ಏಳನೇ ನಮೂನೆಯಲ್ಲಿ ಸಲ್ಲಿಸಿದ ಅರ್ಜಿಗಳು, ಅವುಗಳ ಮೇಲೆ ಭೂನ್ಯಾಯ ಮಂಡಳಿ ಕೊಟ್ಟ ಆದೇಶಗಳು ಇವು. ಜಿಲ್ಲೆಯ ಗಡಿಗಳೂ ನೆನಪಿರಲಿ. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಆದ್ದರಿಂದ ಹಳೆಯ ಕಡತ ಮಂಗಳೂರಿನಲ್ಲಿರಬಹುದು. 1956ರ ತನಕ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತಾದ್ದರಿಂದ ಸರಕಾರಿ ಮಟ್ಟದ ಪತ್ರವ್ಯವಹಾರ ಚೆನ್ನೈಯ ಎಗ್ಮೋರಿನ ಪತ್ರಾಗಾರದಲ್ಲಿದೆ. ಉತ್ತರ ಕನ್ನಡವಾದರೋ 1862ರಲ್ಲೇ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಜಿಲ್ಲೆಯವರಿಗೂ ಧಾರವಾಡ, ಬೆಳಗಾವಿ, ಬಿಜಾಪುರದವರಿಗೂ ಬೇಕಾದ ಪ್ರಾಂತ ಸರಕಾರದ ದಾಖಲೆಗಳು ಕಾಲಾ ಘೋಡಾದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದ ರಾಜ್ಯ ಪತ್ರಾಗಾರದಲ್ಲಿವೆ. ಹಳೆಯ ಮರಾಠಿ ಕಾಗದ ಮೋಡಿ ಲಿಪಿಯಲ್ಲಿದ್ದರೆ ಅದನ್ನು ಓದಬಲ್ಲವರ ನೆರವು ಬೇಕು.

ಪುಣೆಯಲ್ಲಿ ನೆಲೆಸಿದ ಉತ್ತರ ಕರ್ನಾಟಕದ ಕುಟುಂಬಗಳಿಗೆ ಇನ್ನೊಂದು ದಾರಿಯಿದೆ: ಹೆಳವರು. ಮನೆಮನೆಗೆ ಬಂದು ವಂಶದ ಹೆಸರುಗಳನ್ನು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಸೇರಿಸಿಕೊಂಡು, ದವಸ ಧಾನ್ಯ ಪಡೆದು ಹೋಗುವ ಇವರ ಬಳಿ ನಿಮ್ಮ ಮನೆತನದ ಹೆಸರುಗಳಿರಬಹುದು. ಊರಿನಲ್ಲಿರುವ ದಾಯಾದಿಗಳಿಗೆ ಹೇಳಿಟ್ಟು, ಹೆಳವರು ಬಂದಾಗ ಮುಂಬಯಿ, ಪುಣೆಯಲ್ಲಿ ಹುಟ್ಟಿದ ಮಕ್ಕಳ ಹೆಸರನ್ನೂ ಬರೆಸಿ, ಅವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿ.

ಈ ಕೆಲಸಕ್ಕೆ ನಾನು ಅವಸರ ಮಾಡುವುದು ಮುಂಬಯಿಯ ಇಂದಿನ ಸ್ಥಿತಿ ನೋಡಿ. ಚಾಳುಗಳು ರೀಡೆವಲಪ್‌ಮೆಂಟಿಗೆ ಹೋಗುತ್ತಿವೆ. ಕೋಣೆ ಖಾಲಿ ಮಾಡುವಾಗ ಅಜ್ಜನ ಹೆಸರಿನ ಬಾಡಿಗೆಯ ಪಾವತಿ, ಹಳೆಯ ರೇಶನ್ ಕಾರ್ಡುಗಳನ್ನು ಹಕ್ಕಿನ ದಾಖಲೆಯೆಂದು ಜೋಪಾನ ಮಾಡುತ್ತಾರೆ. ಪತ್ರಗಳು, ಫೋಟೋಗಳು, ನೋಟ್‌ಬುಕ್‌ಗಳು ಗೋಣಿಯಲ್ಲಿ ತುಂಬಿ ರದ್ದಿಯವನ ಪಾಲಾಗುತ್ತವೆ. ಉಳಿಸಿಕೊಂಡವರೂ ಪ್ರೀತಿಯಿಂದಲೇ ಹಾಳು ಮಾಡುವುದುಂಟು. ಹಳೆಯ ಕಾಗದವನ್ನು ಲ್ಯಾಮಿನೇಶನ್ ಮಾಡಿಸಬೇಡಿ, ಆ ಬಿಸಿ ಮತ್ತು ಅಂಟು ಅದಕ್ಕೆ ಶಾಶ್ವತ ಹಾನಿ ಮಾಡುತ್ತವೆ. ಹರಿದಲ್ಲಿ ಸೆಲ್ಲೋಟೇಪು ಹಚ್ಚಬೇಡಿ. ಮಳೆಗಾಲದ ತೇವದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬಿಗಿದಿಟ್ಟರೆ ಬೂಷ್ಟು ಹಿಡಿಯುತ್ತದೆ. ಕಾಗದದ ಲಕೋಟೆಯಲ್ಲಿಟ್ಟು, ಗೋಡೆಗೆ ತಾಗದ ಕಪಾಟಿನಲ್ಲಿ ಇಡುವುದು ಒಳ್ಳೆಯದು. ಫೋಟೋದ ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಒತ್ತದೆ ಹೆಸರು, ಊರು ಬರೆಯಿರಿ. 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿ ಎರಡು ಮೂರು ಮನೆಗಳಲ್ಲಿ ಪ್ರತಿ ಇಡಿ. ವಾಟ್ಸಾಪ್‌ನಲ್ಲಿ ಬಂದ ಚಿತ್ರ ಕುಗ್ಗಿರುತ್ತದೆ, ಅದನ್ನೇ ಮೂಲವೆಂದು ಇಟ್ಟುಕೊಳ್ಳಬಾರದು.

ಕುಟುಂಬದ ಒಳಮಾತುಗಳ ವಿಷಯದಲ್ಲಿ ನಮ್ಮ ನಿಯಮ ಕಟ್ಟುನಿಟ್ಟಿನದು. ಎರಡನೇ ಸಂಬಂಧ, ದತ್ತು, ಮನೆ ಬಿಟ್ಟು ಹೋದವರು ಎಲ್ಲ ಮನೆಗಳಲ್ಲಿಯೂ ಇರುತ್ತಾರೆ. ಅವರ ಹೆಸರನ್ನು ಅಳಿಸುವುದಿಲ್ಲ, ಆದರೆ ಬದುಕಿರುವವರ ವಿವರವನ್ನು ಅವರ ಒಪ್ಪಿಗೆಯಿಲ್ಲದೆ ಕುಟುಂಬದ ಗುಂಪಿಗೆ ಕಳುಹಿಸುವುದೂ ಇಲ್ಲ.

ನಮ್ಮ ಬಳಿಗೆ ಬರುವವರು ಜೆರಾಕ್ಸ್ ಬದಲು ಮೂಲ ಕಾಗದವನ್ನೇ ತನ್ನಿ. ಹಿಂಬದಿಯ ಬರಹ, ಮೊಹರು ಜೆರಾಕ್ಸಿನಲ್ಲಿ ಬಿಟ್ಟುಹೋಗಿರುತ್ತವೆ. ಸ್ಕ್ಯಾನ್ ಆದ ಕೂಡಲೇ, ಅದೇ ದಿನ ನಿಮ್ಮ ಕೈಗೆ ಮರಳಿಸುತ್ತೇವೆ. ಸಾಧ್ಯವಾದರೆ ಚಿಕ್ಕಮ್ಮನನ್ನೋ ದೊಡ್ಡಮ್ಮನನ್ನೋ ಜೊತೆಗೆ ಕರೆತನ್ನಿ. ಅವರಿಗೆ ಪ್ರಯಾಣ ಕಷ್ಟವಾದರೆ ತಿಳಿಸಿ, ಸ್ಕ್ಯಾನರ್ ಹಿಡಿದುಕೊಂಡು ನಾವೇ ಮನೆಗೆ ಬರುತ್ತೇವೆ.