ರಬ್ಬಿಗೆ ಅಧಿಕಾರ ಕೊಟ್ಟವರು ಯಾರು?

ನಾನು ಯಹೂದಿಗಳ ಚರಿತ್ರೆ ಓದುತ್ತೇನೆ ಎಂದು ಗೊತ್ತಾದವರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ: "ಅವರಿಗೆ ಪೋಪ್ ಇಲ್ಲ, ಪೀಠಾಧಿಪತಿ ಇಲ್ಲ. ಹಾಗಿದ್ದ ಮೇಲೆ ರಬ್ಬಿ, ಅಂದರೆ ಅವರ ಧರ್ಮಪಂಡಿತ, ಹೇಳಿದ್ದನ್ನು ಯಾಕೆ ಕೇಳಬೇಕು?"

ಶಾಸ್ತ್ರದ ಉತ್ತರ ಬೈಬಲಿನ ಧರ್ಮೋಪದೇಶಕಾಂಡದ 17ನೇ ಅಧ್ಯಾಯದಲ್ಲಿದೆ. ತೀರ್ಮಾನ ಕಷ್ಟವಾದರೆ ಆ ಕಾಲದ ನ್ಯಾಯಾಧಿಪತಿಯ ಹತ್ತಿರ ಹೋಗಿ, ಅವನ ಮಾತು ಬಿಟ್ಟು ಎಡಕ್ಕೂ ಬಲಕ್ಕೂ ತಿರುಗಬೇಡಿ. ಅಲ್ಲಿಗೇ ಮುಗಿಯಬೇಕಿತ್ತು, ಮುಗಿಯಲಿಲ್ಲ. ಬಲವನ್ನು ಎಡ ಅಂದರೂ ಕೇಳಬೇಕು ಎನ್ನುತ್ತದೆ ಸಿಫ್ರೆ ಎಂಬ ಹಳೆಯ ವ್ಯಾಖ್ಯಾನ. ಬಲವನ್ನು ಬಲ ಅಂದರಷ್ಟೇ ಕೇಳಬೇಕು ಎನ್ನುತ್ತದೆ ಪಂಡಿತರ ಚರ್ಚೆಗಳ ಸಂಗ್ರಹವಾದ ಜೆರುಸಲೇಮ್ ತಾಲ್ಮುದ್. ಅದಕ್ಕೇ ನಾನು ವಚನ ಬಿಟ್ಟು, ಮಿಶ್ನಾ ಎಂಬ ಹಳೆಯ ಧರ್ಮನಿಯಮಗಳ ಸಂಗ್ರಹದ ಒಂದು ಕತೆ ಹೇಳುತ್ತೇನೆ.

ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯ ಕೆಡವಿದ ಮೇಲೆ ಪಂಡಿತರು ಯಾವ್ನೆ ಎಂಬ ಊರಿನಲ್ಲಿ ಸೇರಿದರು. ಅವರ ಮುಖ್ಯಸ್ಥನಾದವನು ರಬ್ಬಾನ್ ಗಮ್ಲಿಯೇಲ್. ಎಳೆಚಂದ್ರನನ್ನು ಕಂಡವರ ಸಾಕ್ಷಿ ಕೇಳಿ ನ್ಯಾಯಸಭೆ ಸಾರಿದರೆ ಹೊಸ ತಿಂಗಳು, ಹಬ್ಬಗಳ ದಿನ ನಿಲ್ಲುವುದೂ ಅದರ ಮೇಲೇ. ಗಮ್ಲಿಯೇಲನ ಮಹಡಿಯ ಗೋಡೆಯಲ್ಲಿ ಚಂದ್ರನ ಆಕಾರಗಳ ಚಿತ್ರಗಳಿದ್ದವು. ಹಳ್ಳಿಗರು ಬಂದರೆ ಅದನ್ನು ತೋರಿಸಿ "ಹೀಗೆ ಕಂಡಿತೋ, ಹಾಗೆ ಕಂಡಿತೋ" ಎಂದು ವಿಚಾರಿಸುತ್ತಿದ್ದ.

ಒಮ್ಮೆ ಇಬ್ಬರು ಬಂದು, ಚಂದ್ರ ಕಂಡಿತು, ಆದರೆ ಮಾರನೇ ರಾತ್ರಿ ಕಾಣಲಿಲ್ಲ ಎಂದರು. ಎಳೆಚಂದ್ರ ಒಮ್ಮೆ ಕಂಡರೆ ಮಾರನೇ ರಾತ್ರಿ ಇನ್ನೂ ಚೆನ್ನಾಗಿ ಕಾಣಬೇಕು. ಆದರೂ ಗಮ್ಲಿಯೇಲ್ ಒಪ್ಪಿಬಿಟ್ಟ. ಹಿರಿಯ ದೋಸಾ ಬೆನ್ ಹರ್ಕಿನಾಸ್‌ಗೆ ತಡೆಯಲಾಗಲಿಲ್ಲ. "ಸುಳ್ಳು ಸಾಕ್ಷಿ! ಹೆಂಗಸು ಹೆತ್ತಳು ಅನ್ನುತ್ತಾರೆ, ಬೆಳಗಾದರೆ ಹೊಟ್ಟೆ ಹಲ್ಲು ಮುಟ್ಟುವಷ್ಟು ಉಬ್ಬಿದೆ!" ನಿಮ್ಮ ಮಾತೇ ಸರಿ ಅಂದ ರಬ್ಬಿ ಯೆಹೋಶುವ. ಗಮ್ಲಿಯೇಲ್ ಯೆಹೋಶುವನಿಗೆ ಹೇಳಿಕಳಿಸಿದ: ನಿನ್ನ ಲೆಕ್ಕದಲ್ಲಿ ಯೊಮ್ ಕಿಪ್ಪುರ್ ಯಾವತ್ತು ಬೀಳುತ್ತದೋ ಆವತ್ತು ಕೋಲು, ದುಡ್ಡು ಹಿಡಿದು ನನ್ನ ಬಳಿ ಬರಬೇಕು. ಯೊಮ್ ಕಿಪ್ಪುರ್ ವರ್ಷದ ಅತಿ ಕಟ್ಟುನಿಟ್ಟಿನ ಉಪವಾಸ. ಅಂದು ದುಡ್ಡು ಹಿಡಿದು ಓಡಾಡುವಂತಿಲ್ಲ.

ಯೆಹೋಶುವ ಸಂಕಟಪಡುತ್ತಿದ್ದಾಗ ಅಕಿವಾ ಬಂದು ಸಮಾಧಾನ ಹೇಳಿದ: "ನೀವು ಸಾರುವ ಹಬ್ಬಗಳು" ಎಂದೇ ಶಾಸ್ತ್ರದಲ್ಲಿದೆ, ಸಕಾಲಕ್ಕೆ ಸಾರಿದರೂ ತಪ್ಪಿ ಸಾರಿದರೂ ಹಬ್ಬ ಅದೇ. ಮನಸ್ಸು ಒಪ್ಪದೆ ಯೆಹೋಶುವ ದೋಸಾನ ಹತ್ತಿರ ಹೋದ. ಸಾಕ್ಷಿ ಸುಳ್ಳು ಎಂದು ಮೊದಲು ಕೂಗಿದವನೇ ಈ ದೋಸಾ, ನೆನಪಿರಲಿ. ಅವನೆಂದ: "ಗಮ್ಲಿಯೇಲನ ನ್ಯಾಯಸಭೆಯನ್ನು ಕೆದಕಲು ಹೊರಟರೆ ಮೋಶೆಯ ಕಾಲದಿಂದ ಇಲ್ಲಿಯವರೆಗಿನ ಎಲ್ಲವನ್ನೂ ಕೆದಕಬೇಕಾಗುತ್ತದೆ." ಯೆಹೋಶುವ ಕೋಲು, ದುಡ್ಡು ಹಿಡಿದು ನಡೆದ. ಗಮ್ಲಿಯೇಲ್ ಎದ್ದು ಬಂದು ಅವನ ತಲೆಗೆ ಮುತ್ತಿಟ್ಟ. "ಬಾ, ನನ್ನ ಗುರುವೇ, ನನ್ನ ಶಿಷ್ಯನೇ." ವಿದ್ಯೆಯಲ್ಲಿ ಗುರು, ಮಾತು ಕೇಳಿದ್ದಕ್ಕೆ ಶಿಷ್ಯ. ಸಾಕ್ಷಿ ನಿಜವಾಗಿತ್ತು ಎಂದು ಮಾತ್ರ ದೋಸಾ ಆಗಲೂ ಹೇಳಲಿಲ್ಲ.

ಹೆಚ್ಚಿನವರು ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಬಾಬಿಲೋನಿನ ತಾಲ್ಮುದ್ ನಿಲ್ಲಿಸುವುದಿಲ್ಲ. ಗಮ್ಲಿಯೇಲ್ ಮತ್ತೊಮ್ಮೆ ಯೆಹೋಶುವನನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿಯೇ ಇಟ್ಟು ಪಾಠ ಮುಂದುವರಿಸಿದ. ಕೂತವರು ಗೊಣಗಿದರು: ಹೋದ ವರ್ಷ ಹಬ್ಬದ ವಿಷಯದಲ್ಲಿ ನೋಯಿಸಿದ, ಇನ್ನೆಷ್ಟು ದಿನ ಇದು? ಗಮ್ಲಿಯೇಲನನ್ನೇ ಇಳಿಸಿ ಎಲಾಜಾರ್ ಬೆನ್ ಅಜರ್ಯನನ್ನು ಕೂರಿಸಿದರು. ಬಾಗಿಲ ಕಾವಲಿನವನನ್ನು ತೆಗೆದರು, ಬಂದವರಿಗೆ ಬೆಂಚು ಸಾಲಲಿಲ್ಲ. ಕೊನೆಗೆ ಗಮ್ಲಿಯೇಲ್ ಕ್ಷಮೆ ಕೇಳಲು ಯೆಹೋಶುವನ ಮನೆಗೆ ಹೋದ. ಗೋಡೆಗಳೆಲ್ಲ ಮಸಿ. "ನೀನು ಇದ್ದಿಲು ಸುಡುವವನೆಂದು ಗೋಡೆಗಳೇ ಹೇಳುತ್ತಿವೆ" ಎಂದ. "ನಿಮ್ಮಂಥವರು ಮುಂದಾಳಾದ ಕಾಲದ ಗತಿಯೇ! ಪಂಡಿತರು ಹೊಟ್ಟೆ ಹೊರೆಯುವ ಪಾಡು ನಿಮಗೆ ಗೊತ್ತೇ ಇಲ್ಲ" ಎಂದ ಯೆಹೋಶುವ. ತಾರೀಖು ತಪ್ಪಿದ್ದನ್ನು ಸಭೆ ನುಂಗಿಕೊಂಡಿತ್ತು. ಪೀಠ ಹೋದದ್ದು ಅವಮಾನಕ್ಕೆ.

ಹಾಗಾದರೆ ರಬ್ಬಿಯ ಅಧಿಕಾರ ದೀಕ್ಷೆಯಿಂದ ಬಂತೇ? ಮೋಶೆಯಿಂದ ಗುರುಶಿಷ್ಯರ ಸಾಲಿನಲ್ಲಿ ಬಂತೆಂದು ನಂಬುವ ಸೆಮಿಖಾ ದೀಕ್ಷೆ ಪ್ರಾಚೀನ ಕಾಲದಲ್ಲೇ ಕಡಿದುಹೋಯಿತು. ಈಗಿನ ರಬ್ಬಿಗಳ ಸೆಮಿಖಾ ಹೆಸರಿಗಷ್ಟೇ ಅದು. ಇವನು ತೀರ್ಪು ಹೇಳಬಲ್ಲ ಎಂದು ಗುರು ಬರೆದುಕೊಟ್ಟ ಅನುಮತಿ. ಇಸ್ರೇಲ್ ನಾಡಿನ ಪಂಡಿತರೆಲ್ಲ ಒಪ್ಪಿದರೆ ಹಳೆಯ ದೀಕ್ಷೆಯನ್ನು ಮತ್ತೆ ಶುರುಮಾಡಬಹುದೆಂದು ತನಗೆ ತೋರುತ್ತದೆ ಎಂದಿದ್ದ 12ನೇ ಶತಮಾನದ ದೊಡ್ಡ ಪಂಡಿತ ಮೈಮೋನಿಡೀಸ್. ಅದನ್ನೇ ಹಿಡಿದು 1538ರಲ್ಲಿ ಅದೇ ನಾಡಿನ ಸಫೇದ್ ಊರಿನ 25 ಪಂಡಿತರು ಯಾಕೋಬ್ ಬೆರಾಬ್‌ಗೆ ದೀಕ್ಷೆ ಕೊಟ್ಟರು. ನಮ್ಮನ್ನು ಕೇಳದೆ ಅದು "ಎಲ್ಲರ" ಒಪ್ಪಿಗೆ ಹೇಗಾಯಿತು ಎಂದು ಜೆರುಸಲೇಮಿನ ಲೇವಿ ಇಬ್ನ್ ಹಬೀಬ್ ತಕರಾರು ತೆಗೆದ. ಪ್ರಯತ್ನ ನೆಲಕಚ್ಚಿತು. ತಮಾಷೆಯೆಂದರೆ, ಬೆರಾಬ್‌ನಿಂದ ದೀಕ್ಷೆ ಪಡೆದ ಯೋಸೆಫ್ ಕಾರೋ ಬರೆದ ಶುಲ್ಹಾನ್ ಅರೂಖ್ ಎಂಬ ಧರ್ಮಸಂಹಿತೆ 1565ರಲ್ಲಿ ವೆನಿಸ್‌ನಲ್ಲಿ ಅಚ್ಚಾಗಿ, ಯಾವ ಸಭೆಯ ಆಜ್ಞೆಯೂ ಇಲ್ಲದೆ ಹರಡಿತು. ಅದಕ್ಕೆ ಕ್ರಾಕೋವ್‌ನ ಮೋಶೆ ಇಸ್ಸರ್ಲಿಸ್ ತನ್ನ ಕಡೆಯ ರೂಢಿಗಳನ್ನು ಸೇರಿಸಿದ ಮೇಲೆ ಪೋಲೆಂಡ್, ಜರ್ಮನಿ ಕಡೆಯವರೂ ಒಪ್ಪಿಕೊಂಡರು.

ಇನ್ನು ನಮ್ಮ ಪಡುವಣ ಕರಾವಳಿಯದೇ ಒಂದು ಸಂಗತಿ. 16ನೇ ಶತಮಾನದಲ್ಲಿ ಕೊಚ್ಚಿಯ ಯಹೂದಿಗಳ ಜಗಳ ಕೈರೋದ ರಬ್ಬಿ ದಾವೀದ್ ಇಬ್ನ್ ಅಬಿ ಜಿಮ್ರಾ ತನಕ ಹೋಯಿತು. ಕೊಚ್ಚಿಯಲ್ಲಿ 900 ಮನೆ, ಅದರಲ್ಲಿ 100 ಮನೆಯವರು ತಾವು ಮಾತ್ರ ಕುಲೀನರು, ಉಳಿದವರು ದಾಸರ ಸಂತಾನ ಎನ್ನುತ್ತಾರೆ, ಹೆಣ್ಣು ಕೊಡುವುದಿಲ್ಲ, ತರುವುದಿಲ್ಲ. ಏನು ಮಾಡಬೇಕು? ವಿಧಿವತ್ತಾಗಿ ನೀರಿನಲ್ಲಿ ಮುಳುಗೆದ್ದು ಬಂದರೆ ಅವರೂ ಪೂರ್ತಿ ಯಹೂದಿಗಳೇ, ಸಂಬಂಧ ಬೆಳೆಸಬಹುದು ಎಂದು ಉತ್ತರ ಬಂತು. ದೊಡ್ಡ ಪಂಡಿತನ ತೀರ್ಪು. ಕೊಚ್ಚಿಯ ಕುಲೀನರು ಅದನ್ನು ನಡೆಸಲಿಲ್ಲ. 20ನೇ ಶತಮಾನದಲ್ಲೂ, ದಾಸರ ವಂಶದವರೆಂದು ಕರೆಸಿಕೊಂಡ ಮನೆತನದ ವಕೀಲ ಎ. ಬಿ. ಸೇಲಂ ಅವರು ಅಲ್ಲಿನ ಪರದೇಸಿ ಸಿನಗಾಗ್ ಎಂಬ ಪ್ರಾರ್ಥನಾಮಂದಿರದಲ್ಲಿ ಸಮಾನ ಸ್ಥಾನಕ್ಕಾಗಿ ಸತ್ಯಾಗ್ರಹ ಮಾಡಬೇಕಾಯಿತು.