ಹದಿನಾರು ಪಕ್ಕೆಲುಬು, ಎರಡು ಬಳೆ: ಲಿವರ್‌ಪೂಲ್ ಕ್ಯಾಥೆಡ್ರಲ್ ಮಾದರಿಯ ಕೆಲಸದ ದಿನಚರಿ

ಮೊದಲ ಎರಡು ವಾರ

ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ರಟ್ಟಿನ ಮಾದರಿಯನ್ನು ಕಳೆದ ವರ್ಷ ಮುಗಿಸಿದಾಗ ಸಣ್ಣದೊಂದು ಅತೃಪ್ತಿ ಉಳಿದಿತ್ತು. ಗಾಥಿಕ್ ಶೈಲಿಯ ಕಟ್ಟಡವನ್ನು ರಟ್ಟಿನಲ್ಲಿ ಮಾಡುವಾಗ ಭಾರವನ್ನು ಯಾವುದು ಹೊರುತ್ತಿದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಗೋಡೆಗಳನ್ನು ಕತ್ತರಿಸಿ ಅಂಟಿಸಿದರೆ ಕಟ್ಟಡ ನಿಂತುಬಿಡುತ್ತದೆ. ಮುಂದಿನ ಕೆಲಸಕ್ಕೆ, ಎಲುಬಿನ ಗೂಡನ್ನು ಮೊದಲು ನಿಲ್ಲಿಸದೆ ಬೇರೇನನ್ನೂ ಮಾಡಲಾಗದಂತಹ ಕಟ್ಟಡವೊಂದು ಬೇಕೆನಿಸಿತು. ಹಾಗೆ ಹುಡುಕುತ್ತ ಬಂದು ನಿಂತದ್ದು ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಕ್ರಿಸ್ತರಾಜ ಕ್ಯಾಥೆಡ್ರಲ್ ಮುಂದೆ. 1967ರಲ್ಲಿ ಪ್ರತಿಷ್ಠೆಗೊಂಡ, ದುಂಡನೆಯ, ಕಾಂಕ್ರೀಟಿನ, ದೂರದಿಂದ ಡೇರೆಯಂತೆ ಕಾಣುವ ಕ್ಯಾಥೋಲಿಕ್ ದೇವಾಲಯ ಅದು. ಊರಿನವರು ಅದಕ್ಕೆ ಐರಿಷ್ ಜನರನ್ನು ನೆನಪಿಸುವ 'ಪ್ಯಾಡಿಯ ವಿಗ್ವಾಮ್' (ವಿಗ್ವಾಮ್ ಎಂದರೆ ಅಮೆರಿಕದ ಮೂಲನಿವಾಸಿಗಳ ಗುಡಿಸಲು) ಎಂಬ ಅಡ್ಡಹೆಸರನ್ನೂ, ಪಕ್ಕದ ನದಿಯ ಹೆಸರು ಸೇರಿಸಿ 'ಮರ್ಸಿ ಫನೆಲ್' ಎಂಬ ಇನ್ನೊಂದನ್ನೂ ಇಟ್ಟಿದ್ದಾರೆ. ಆಲಿಕೆಯನ್ನು ಬೋರಲು ಹಾಕಿದ ಆಕಾರವನ್ನು ನೋಡಿದವರಿಗೆ ಎರಡನೆಯ ಹೆಸರೇ ಹೆಚ್ಚು ಒಪ್ಪುತ್ತದೆ.

ಅಳತೆಯನ್ನು 1:200 ಎಂದು ನಿಶ್ಚಯಿಸಿದೆ. ಮೂಲದ ವ್ಯಾಸ 195 ಅಡಿ. ನನ್ನ ಹಲಗೆಯ ಮೇಲೆ ಅದು 29.7 ಸೆಂ.ಮೀ. ಆಗುತ್ತದೆ. ಊಟದ ಮೇಜಿನ ಮೂಲೆಯೊಂದನ್ನು ಬಿಟ್ಟುಕೊಡಲು ಮನೆಯವರು ಒಪ್ಪಿದ್ದು ಈ ಸಂಖ್ಯೆಯನ್ನು ಕೇಳಿದ ಮೇಲೆಯೇ.

ಮೂರನೇ ವಾರ: ಕಟ್ಟದೆ ಉಳಿದ ಕ್ಯಾಥೆಡ್ರಲ್‌ಗಳು

ಮರ ಕೊಯ್ಯುವ ಮೊದಲು ಇತಿಹಾಸವನ್ನು ಓದಿಕೊಳ್ಳುವುದು ನನ್ನ ರೂಢಿ. ಈ ಬಾರಿ ಓದು ಮಾದರಿಯ ಸ್ವರೂಪವನ್ನೇ ಬದಲಿಸಿತು. ವಾಸ್ತುಶಿಲ್ಪಿ ಗಿಬ್ಬರ್ಡ್ ಕಟ್ಟಿದ ಈ ಕ್ಯಾಥೆಡ್ರಲ್ ಲಿವರ್‌ಪೂಲಿನ ಕ್ಯಾಥೋಲಿಕರ ನಾಲ್ಕನೆಯ ಪ್ರಯತ್ನ. 1840ರ ದಶಕದ ಬರಗಾಲದಲ್ಲಿ ಐರ್ಲೆಂಡಿನಿಂದ ಲಕ್ಷಾಂತರ ಜನ ಈ ಬಂದರಿಗೆ ಬಂದಿಳಿದ ಮೇಲೆ, 1853ರಲ್ಲಿ ಎಡ್ವರ್ಡ್ ವೆಲ್ಬಿ ಪ್ಯೂಜಿನ್ ಅವರಿಗೆ ಮೊದಲ ವಿನ್ಯಾಸದ ಹೊಣೆ ಸಿಕ್ಕಿತು. ಮಾತೆ ಮರಿಯಳ ಉಪಾಲಯವೊಂದು ಎದ್ದು ನಿಂತು, ಕೆಲಸ ಅಲ್ಲಿಗೇ ನಿಂತಿತು. 1930ರಲ್ಲಿ, ಹಿಂದೆ ಬಡವರ ಆಶ್ರಮವಿದ್ದ ಬ್ರೌನ್‌ಲೋ ಹಿಲ್‌ನ ಒಂಬತ್ತು ಎಕರೆ ಜಾಗವನ್ನು ಕೊಂಡ ಮಹಾಧರ್ಮಾಧ್ಯಕ್ಷ ರಿಚರ್ಡ್ ಡೌನಿ ಅವರು ಎಡ್ವಿನ್ ಲುಟ್ಯೆನ್ಸ್ ಅವರನ್ನು ಕರೆಸಿದರು. ಹೊಸದಿಲ್ಲಿಯ ವೈಸರಾಯ್ ಭವನವನ್ನು, ಅಂದರೆ ಇಂದಿನ ರಾಷ್ಟ್ರಪತಿ ಭವನವನ್ನು, ಮುಗಿಸುತ್ತಿದ್ದ ಅದೇ ಲುಟ್ಯೆನ್ಸ್.

ಲುಟ್ಯೆನ್ಸ್ ಕನಸು ಕಂಡದ್ದು 520 ಅಡಿ ಎತ್ತರದ ಕಟ್ಟಡವನ್ನು, ರೋಮಿನ ಸಂತ ಪೇತ್ರರ ಗುಮ್ಮಟಕ್ಕಿಂತಲೂ ಅಗಲವಾದ 168 ಅಡಿ ವ್ಯಾಸದ ಗುಮ್ಮಟವನ್ನು. 1933ರ ಜೂನ್ 5ರಂದು ಅಡಿಗಲ್ಲು ಬಿತ್ತು. (ನಮ್ಮ ಸಂತ ಫಿಲೋಮಿನಾ ಚರ್ಚಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ, ನನ್ನ ಎರಡು ಮಾದರಿಗಳ ನಡುವೆ ಇಂಥದೊಂದು ನಂಟಿದೆ ಎಂದು ತಿಳಿದಾಗ ಸಂತೋಷವಾಯಿತು.) ಯುದ್ಧದಿಂದಾಗಿ 1941ರಲ್ಲಿ ಕೆಲಸ ನಿಂತಿತು. 30 ಲಕ್ಷ ಪೌಂಡಿನ ಅಂದಾಜು ಯುದ್ಧಾನಂತರ 2 ಕೋಟಿ 70 ಲಕ್ಷ ಪೌಂಡಿಗೆ ಏರಿತು. 1958ರ ಹೊತ್ತಿಗೆ ಪೂರ್ಣಗೊಂಡದ್ದು ನೆಲಮಾಳಿಗೆ ಮಾತ್ರ. 1953ರಲ್ಲಿ ಏಡ್ರಿಯನ್ ಗಿಲ್ಬರ್ಟ್ ಸ್ಕಾಟ್ ಅವರು ಅದೇ ವಿನ್ಯಾಸವನ್ನು ಕುಗ್ಗಿಸಿ 40 ಲಕ್ಷ ಪೌಂಡಿನ ಯೋಜನೆಯೊಂದನ್ನು ಕೊಟ್ಟರು; ಅದು ಯಾರಿಗೂ ಹಿಡಿಸಲಿಲ್ಲ.

ಲುಟ್ಯೆನ್ಸರ ಕ್ಯಾಥೆಡ್ರಲ್ ಇಂದು ಪೂರ್ಣರೂಪದಲ್ಲಿ ಇರುವುದು ಒಂದೇ ಕಡೆ: ಅದಕ್ಕಾಗಿ ಮಾಡಿಸಿದ, ಆಳೆತ್ತರವನ್ನು ಮೀರಿದ ಮರದ ಮಾದರಿಯಲ್ಲಿ. ಅದನ್ನು ಲಿವರ್‌ಪೂಲಿನ ವಸ್ತುಸಂಗ್ರಹಾಲಯದವರು ವರ್ಷಗಟ್ಟಲೆ ಶ್ರಮಿಸಿ ದುರಸ್ತಿ ಮಾಡಿ ಉಳಿಸಿಕೊಂಡಿದ್ದಾರೆ. ಮಾದರಿ ಮಾಡುವ ಹವ್ಯಾಸದವನಿಗೆ ಇದಕ್ಕಿಂತ ದೊಡ್ಡ ಪ್ರೋತ್ಸಾಹ ಬೇಕೆ?

ಆ ಸಂಜೆ ಬರೀ ಕುತೂಹಲಕ್ಕೆ ಲುಟ್ಯೆನ್ಸರ ಗುಮ್ಮಟದ ಅಳತೆಗೆ ರಟ್ಟಿನ ಉಂಗುರವೊಂದನ್ನು ಕತ್ತರಿಸಿ ನನ್ನ ಹಲಗೆಯ ಮೇಲಿಟ್ಟೆ. ಅದರ ವ್ಯಾಸ 25.6 ಸೆಂ.ಮೀ. ಗಿಬ್ಬರ್ಡ್ ಅವರ ಇಡೀ ದೇವಾಲಯದೊಳಗೆ ಅದು ಸುತ್ತಲೂ ಎರಡೆರಡು ಸೆಂಟಿಮೀಟರ್ ಜಾಗ ಬಿಟ್ಟು ಕುಳಿತಿತು. ಒಬ್ಬರಿಗೆ ಗುಮ್ಮಟವಾಗಿದ್ದದ್ದು ಇನ್ನೊಬ್ಬರಿಗೆ ಹೆಚ್ಚುಕಡಿಮೆ ಇಡೀ ಕ್ಯಾಥೆಡ್ರಲ್ ಆಯಿತು ಎಂಬುದು ಪುಸ್ತಕದ ಅಂಕಿಗಳನ್ನು ಓದಿದಾಗ ನನಗೆ ಹೊಳೆದಿರಲಿಲ್ಲ.

ಐದನೇ ವಾರ: ವೃತ್ತವನ್ನು ಹದಿನಾರು ಮಾಡುವುದು

1959ರಲ್ಲಿ ಮಹಾಧರ್ಮಾಧ್ಯಕ್ಷ ಜಾನ್ ಹೀನನ್ ಅವರು ಸ್ಪರ್ಧೆ ಏರ್ಪಡಿಸಿದಾಗ ಹಾಕಿದ ಷರತ್ತುಗಳು ಕಠಿಣವಾಗಿದ್ದವು. ಕಟ್ಟಡ ಐದು ವರ್ಷಗಳಲ್ಲಿ ಮುಗಿಯಬೇಕು, ಅಂದಿನ ಬೆಲೆಯಲ್ಲಿ ಹತ್ತು ಲಕ್ಷ ಪೌಂಡನ್ನು ಮೀರಬಾರದು, ಲುಟ್ಯೆನ್ಸರ ನೆಲಮಾಳಿಗೆಯೊಂದಿಗೆ ಹೊಂದಿಕೊಳ್ಳಬೇಕು, ಮತ್ತು ನೆರೆದ ಸಾವಿರಾರು ಜನರೆಲ್ಲರಿಗೂ ಬಲಿಪೀಠ ಕಾಣಬೇಕು. ಸುಮಾರು ಮುನ್ನೂರು ವಿನ್ಯಾಸಗಳು ಬಂದವು. 1960ರಲ್ಲಿ ಗೆದ್ದವರು ಫ್ರೆಡ್ರಿಕ್ ಗಿಬ್ಬರ್ಡ್, ಹಾರ್ಲೋ ಎಂಬ ಹೊಸ ಪಟ್ಟಣವನ್ನು ಯೋಜಿಸಿದವರು, ಹೀಥ್ರೋ ವಿಮಾನ ನಿಲ್ದಾಣದ ಕಟ್ಟಡಗಳನ್ನು ರೂಪಿಸಿದವರು. ಬಲಿಪೀಠವನ್ನು ವೃತ್ತದ ನಟ್ಟನಡುವೆ ಇಟ್ಟು ಜನರನ್ನು ಸುತ್ತಲೂ ಕೂರಿಸಿದ್ದು ಅವರ ಉತ್ತರ. ಇದನ್ನು, ಆರಾಧನೆಯಲ್ಲಿ ಜನರೂ ಪಾಲ್ಗೊಳ್ಳಬೇಕೆಂದ ಎರಡನೇ ವ್ಯಾಟಿಕನ್ ಮಹಾಸಭೆಯ (ಕ್ಯಾಥೋಲಿಕ್ ಧರ್ಮಾಧ್ಯಕ್ಷರ ಸಭೆ) ಫಲವೆಂದು ಹೇಳುವುದುಂಟು. ಆದರೆ ಮಹಾಸಭೆ ಸೇರಿದ್ದು 1962ರಲ್ಲಿ, ಆರಾಧನಾ ವಿಧಿಯ ಕುರಿತ ಅದರ ನಿರ್ಣಯ ಹೊರಬಿದ್ದದ್ದು 1963ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಗಿಬ್ಬರ್ಡ್ ಅವರ ನಕ್ಷೆ ಮೂರು ವರ್ಷ ಹಳೆಯದಾಗಿತ್ತು. ಆ ಗಾಳಿ ಮೊದಲೇ ಬೀಸತೊಡಗಿತ್ತು ಎನ್ನುವುದು ಹೆಚ್ಚು ಸರಿಯಾದೀತು.

ನನ್ನ ಹಲಗೆಯ ಮೇಲೆ ಈ ವಾರದ ಕೆಲಸವೆಲ್ಲ ಹದಿನಾರು ಭಾಗಗಳ ಲೆಕ್ಕವೇ. ಕಟ್ಟಡವನ್ನು ಹೊರುವ ಹದಿನಾರು ಪಕ್ಕೆಲುಬುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವೆ 22.5 ಡಿಗ್ರಿ. ಕೋನಮಾಪಕವಿಟ್ಟು ಒಂದರ ನಂತರ ಒಂದರಂತೆ ಗುರುತು ಹಾಕುತ್ತ ಹೋದೆ. ಕೊನೆಯ ಗುರುತು ಮೊದಲಿನದಕ್ಕೆ ಕೂಡಲೇ ಇಲ್ಲ. ಒಂದೊಂದಕ್ಕೆ ಅರ್ಧ ಡಿಗ್ರಿ ತಪ್ಪಿದರೆ ಹದಿನಾರನೆಯದಕ್ಕೆ ಎಂಟು ಡಿಗ್ರಿ ತಪ್ಪುತ್ತದೆ ಎಂಬ ಸರಳ ಲೆಕ್ಕ ಆಮೇಲೆ ಹೊಳೆಯಿತು. ಅಳಿಸಿ, ಕಾಗದದ ವೃತ್ತವೊಂದನ್ನು ನಾಲ್ಕು ಬಾರಿ ಸರಿಯಾಗಿ ಅರ್ಧಕ್ಕೆ ಮಡಿಸಿ ಬಿಚ್ಚಿದೆ. ಹದಿನಾರು ಗೆರೆಗಳು ತಾವಾಗಿಯೇ ಸಿಕ್ಕವು.

ಏಳರಿಂದ ಒಂಬತ್ತನೇ ವಾರ: ಬಳೆ ಇಲ್ಲದೆ ನಿಲ್ಲದು

ಈ ಕಟ್ಟಡದ ಜೀವ ಇರುವುದು ಇಲ್ಲಿಯೇ. ಬೂಮರಾಂಗಿನಂತೆ ಬಾಗಿದ ಹದಿನಾರು ಕಾಂಕ್ರೀಟ್ ಪಕ್ಕೆಲುಬುಗಳು ನೆಲದಿಂದ ಎದ್ದು, ನಡುವೆ ಒಮ್ಮೆ ಒಳಕ್ಕೆ ತಿರುಗಿ, ಮೇಲಿರುವ ದೀಪಗೋಪುರವನ್ನು ಹೊತ್ತು ನಿಂತಿವೆ. ಗಾಜು ಮತ್ತು ಕಾಂಕ್ರೀಟಿನ ಆ ಗೋಪುರದ ತೂಕ ಸುಮಾರು 2,000 ಟನ್. ಪಕ್ಕೆಲುಬುಗಳನ್ನು ಎರಡು ಕಾಂಕ್ರೀಟ್ ಬಳೆಗಳು ಬಂಧಿಸಿವೆ: ಒಂದು ಬಾಗಿದ ಜಾಗದಲ್ಲಿ, ಇನ್ನೊಂದು ತುದಿಯಲ್ಲಿ. ಹೊರಗಿನಿಂದ ಓರೆಯಾಗಿ ಬಂದು ಸೇರುವ ಆನಿಕೆಗಳು ಕಟ್ಟಡಕ್ಕೆ ಡೇರೆಯ ರೂಪವನ್ನು ಕೊಡುತ್ತವೆ.

ನಾಲ್ಕು ಮಿ.ಮೀ. ಪ್ಲೈವುಡ್‌ನಲ್ಲಿ ಹದಿನಾರು ಪಕ್ಕೆಲುಬುಗಳನ್ನು ಕೊಯ್ದು, ಉಜ್ಜಿ, ಹಲಗೆಯ ತೋಡುಗಳಲ್ಲಿ ನಿಲ್ಲಿಸಿ, ತುದಿಯ ಬಳೆಯೊಂದನ್ನು ಮಾತ್ರ ಹಾಕಿ, ಆನಿಕೆಗಳನ್ನೂ ಕೆಳಗಿನ ಬಳೆಯನ್ನೂ ಬೇಕೆಂದೇ ಬಿಟ್ಟೆ. ತೂಕಕ್ಕೆ ಕಾಲು ಕೆ.ಜಿ. ಕಾಫಿಪುಡಿಯ ಪೊಟ್ಟಣ. ಬಾಗಿದ ಜಾಗಗಳು ಕಣ್ಣೆದುರೇ ಹೊರಕ್ಕೆ ಸರಿದವು. ಒಂದು ಕೆ.ಜಿ. ಇಟ್ಟಾಗ ಬುಡದ ಎರಡು ಅಂಟುಗಳು ಚಟ್ಟೆಂದು ಬಿಟ್ಟುಕೊಂಡವು. ದುರಸ್ತಿ ಮಾಡಿ, ಬಾಗಿದ ಜಾಗದ ಸುತ್ತ ಬೈಂಡಿಂಗ್ ತಂತಿಯನ್ನು ಎರಡು ಸುತ್ತು ಬಿಗಿದ ಮೇಲೆ ಅದೇ ಗೂಡು ಐದು ಕೆ.ಜಿ. ಅಕ್ಕಿಯನ್ನು ಅಲುಗದೆ ಹೊತ್ತಿತು. ಮೇಲಿನ ಭಾರ ಪಕ್ಕೆಲುಬುಗಳ ತುದಿಗಳನ್ನು ಒಂದರತ್ತ ಒಂದು ಒತ್ತುತ್ತದೆ, ಆದ್ದರಿಂದ ಮೇಲಿನ ಬಳೆ ಹಿಸುಕಲ್ಪಡುತ್ತದೆ. ಅದೇ ಭಾರ ಬಾಗಿದ ಜಾಗವನ್ನು ಹೊರಕ್ಕೆ ತಳ್ಳುತ್ತದೆ, ಆದ್ದರಿಂದ ಕೆಳಗಿನ ಬಳೆ ಎಳೆಯಲ್ಪಡುತ್ತದೆ. ಎತ್ತಿನ ಗಾಡಿಯ ಗಾಲಿಗೆ ಸುತ್ತ ಬಿಗಿಯುವ ಕಬ್ಬಿಣದ ಪಟ್ಟಿಯ ಕೆಲಸವೇ ಇದರದೂ. ಕಾಂಕ್ರೀಟು ಹಿಸುಕಿದರೆ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತವನ್ನು ತಾಳಬೇಕಾದದ್ದು ಅದರೊಳಗಿನ ಉಕ್ಕು.

ಕಾಫಿಪುಡಿಯನ್ನು ನಾನು ಸುಮ್ಮನೆ ಆರಿಸಲಿಲ್ಲ. ಅಳತೆ ಇನ್ನೂರರಲ್ಲಿ ಒಂದು ಭಾಗವಾದಾಗ ತೂಕ ಅದರ ಘನದಷ್ಟು ಇಳಿಯುತ್ತದೆ. 2,000 ಟನ್ನನ್ನು ಎಂಬತ್ತು ಲಕ್ಷದಿಂದ ಭಾಗಿಸಿದರೆ ಬರುವುದು 250 ಗ್ರಾಂ. ಆದರೆ ಪಕ್ಕೆಲುಬಿನ ಅಡ್ಡಕೊಯ್ತದ ವಿಸ್ತೀರ್ಣ ಇಳಿಯುವುದು ವರ್ಗದಷ್ಟು ಮಾತ್ರ. ಮೂಲದಲ್ಲಿ ಬೀಳುವಷ್ಟೇ ಒತ್ತಡ ನನ್ನ ಕಡ್ಡಿಗಳ ಮೇಲೂ ಬೀಳಬೇಕಾದರೆ 50 ಕೆ.ಜಿ., ಅಂದರೆ ಒಂದು ಸಿಮೆಂಟ್ ಮೂಟೆಯನ್ನು, ಮೇಲಿಡಬೇಕು. ಮಾದರಿ ನಿಂತಿತೆಂದ ಮಾತ್ರಕ್ಕೆ ಕಟ್ಟಡ ನಿಲ್ಲುತ್ತದೆ ಎನ್ನಲಾಗದು ಎಂಬುದಕ್ಕೆ ಕಾರಣ ಈ ಎರಡು ಲೆಕ್ಕಗಳ ಅಂತರ. ಸಿಮೆಂಟ್ ಮೂಟೆಯ ಪರೀಕ್ಷೆಯನ್ನು ನಾನು ಮಾಡಲಿಲ್ಲ.

ಹತ್ತನೇ ವಾರ: ಯಾವ ವರ್ಷದ ಕಟ್ಟಡ?

ಹೊದಿಕೆಯ ಕೆಲಸಕ್ಕೆ ಕೈ ಹಾಕಿದಾಗ ಅನಿರೀಕ್ಷಿತವಾದ ಪ್ರಶ್ನೆಯೊಂದು ಎದುರಾಯಿತು. 1967ರ ಮೇ 14ರಂದು, ಪೆಂತೆಕೋಸ್ತ್ ಹಬ್ಬದ ದಿನ, ಪ್ರತಿಷ್ಠೆಗೊಂಡ ಕಟ್ಟಡವೂ ಇಂದು ಕಾಣುವ ಕಟ್ಟಡವೂ ಒಂದೇ ಅಲ್ಲ. ಆರಂಭದಲ್ಲಿ ಪಕ್ಕೆಲುಬುಗಳ ಮೇಲೆ ಮೊಸಾಯಿಕ್ ಬಿಲ್ಲೆಗಳಿದ್ದವು, ಛಾವಣಿಗೆ ಅಲ್ಯೂಮಿನಿಯಂ ಹೊದಿಕೆ ಇತ್ತು. ಕೆಲವೇ ವರ್ಷಗಳಲ್ಲಿ ಛಾವಣಿ ಸೋರತೊಡಗಿತು, ಬಿಲ್ಲೆಗಳು ಕಳಚಿಕೊಳ್ಳತೊಡಗಿದವು. ಕ್ಯಾಥೆಡ್ರಲಿನವರು ಗಿಬ್ಬರ್ಡ್ ಅವರ ಮೇಲೆ 13 ಲಕ್ಷ ಪೌಂಡಿನ ದಾವೆ ಹೂಡುವವರೆಗೆ ಸಂಗತಿ ಬೆಳೆಯಿತು. 1990ರ ದಶಕದ ದುರಸ್ತಿಯಲ್ಲಿ ಬಿಲ್ಲೆಗಳನ್ನು ಬಿಟ್ಟುಕೊಟ್ಟು ಗಾಜಿನ ನಾರಿನ ಪ್ಲಾಸ್ಟಿಕ್ ಹೊದಿಸಿದರು. ಅದರಿಂದ ಪಕ್ಕೆಲುಬುಗಳು ಮೊದಲಿಗಿಂತ ದಪ್ಪಗೆ ಕಾಣುತ್ತವೆ. ದೀಪಗೋಪುರದ ಅಲ್ಯೂಮಿನಿಯಂ ಜಾಗಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಬಂದಿತು. ಮುಖ್ಯದ್ವಾರಕ್ಕೆ ಏರಿಹೋಗುವ ಅಗಲವಾದ ಮೆಟ್ಟಿಲುಸಾಲು, ಇಂದಿನ ಪ್ರತಿಯೊಂದು ಚಿತ್ರದಲ್ಲೂ ಕಾಣುವಂಥದು, ಪೂರ್ಣಗೊಂಡದ್ದು 2003ರಲ್ಲಿ.

ನನ್ನ ಆಯ್ಕೆ 1967. ತೆಳುವಾದ ಪಕ್ಕೆಲುಬೇ ಗಿಬ್ಬರ್ಡ್ ಅವರ ಮನಸ್ಸಿನಲ್ಲಿದ್ದದ್ದು, ಹಾಗಾಗಿ ಮಾದರಿಗೆ ಮೆಟ್ಟಿಲುಗಳಿಲ್ಲ. ಛಾವಣಿಯ ಪಟ್ಟಿಗಳಿಗೆ ಅಲ್ಯೂಮಿನಿಯಂ ಟೇಪನ್ನೇ ಬಳಸಿದೆ. ಏಪ್ರಿಲ್ ಬಿಸಿಲು ಬೀಳುವ ಕಿಟಕಿಯ ಬಳಿ ಎರಡು ದಿನ ಇಟ್ಟದ್ದೇ ತಡ, ಟೇಪು ಪಕ್ಕೆಲುಬನ್ನು ಸೇರುವ ಸಂದಿಯಲ್ಲಿಯೇ ಸುರುಳಿಯಾಗಿ ಎದ್ದು ನಿಂತಿತು. ಅಂಟಿನ ಗುಣವೋ ನನ್ನ ಅವಸರವೋ, ಪೂರ್ತಿ ಕಿತ್ತು ಮತ್ತೆ ಮಾಡಬೇಕಾಯಿತು. ಅಲ್ಯೂಮಿನಿಯಂ ಶಾಖಕ್ಕೆ ಕಾಂಕ್ರೀಟಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವ ಲೋಹ. ಎರಡು ವಸ್ತುಗಳು ಕೂಡುವ ಸಂದಿಗೆ ಹಿಗ್ಗಲು ಎಡೆ ಇಟ್ಟುಕೊಳ್ಳದಿದ್ದರೆ ಯಾವ ಅಳತೆಯಲ್ಲಿಯೂ ತೊಂದರೆಯೇ. ಗಿಬ್ಬರ್ಡ್ ಅವರನ್ನು ದೂರುವವರು ಹೀನನ್ ಅವರ ಷರತ್ತುಗಳನ್ನೂ ಒಮ್ಮೆ ಓದಬೇಕೆಂದು ನನ್ನ ಅಭಿಪ್ರಾಯ. ಈ ಕ್ಯಾಥೆಡ್ರಲ್ ಇರುವ ಹೋಪ್ ಸ್ಟ್ರೀಟಿನ ಇನ್ನೊಂದು ತುದಿಯಲ್ಲಿರುವ ಆಂಗ್ಲಿಕನ್ ಕ್ಯಾಥೆಡ್ರಲ್ 1904ರಲ್ಲಿ ಆರಂಭವಾಗಿ ಮುಗಿದದ್ದು 1978ರಲ್ಲಿ. ಅದರ ವಾಸ್ತುಶಿಲ್ಪಿ ಜೈಲ್ಸ್ ಗಿಲ್ಬರ್ಟ್ ಸ್ಕಾಟ್ ಕ್ಯಾಥೋಲಿಕರು. ಕ್ಯಾಥೋಲಿಕರ ಗುಮ್ಮಟವನ್ನು ಬರೆದ ಲುಟ್ಯೆನ್ಸ್ ಆಂಗ್ಲಿಕನ್.

ಹನ್ನೆರಡನೇ ವಾರ: ಬೆಳಕು

ದೀಪಗೋಪುರದ ಗಾಜು ಜಾನ್ ಪೈಪರ್ ಮತ್ತು ಪ್ಯಾಟ್ರಿಕ್ ರೇಂಟಿಯನ್ಸ್ ಅವರದು. ಹಳದಿ, ನೀಲಿ, ಕೆಂಪು ಎಂಬ ಮೂರು ಬಣ್ಣಗಳು ಕ್ರೈಸ್ತರ ತ್ರಿತ್ವದ (ಪಿತ, ಸುತ, ಪವಿತ್ರಾತ್ಮ) ಸಂಕೇತವಾಗಿ ಒಂದರೊಳಗೊಂದು ಕರಗುತ್ತ ಸುತ್ತುವರಿಯುತ್ತವೆ. ಒಂದಂಗುಲ ದಪ್ಪದ ಗಾಜಿನ ತುಂಡುಗಳನ್ನು ಸೀಸದ ಪಟ್ಟಿಯ ಬದಲು ಎಪಾಕ್ಸಿ ರಾಳದಿಂದ ಬೆಸೆದದ್ದು ಆ ಕಾಲಕ್ಕೆ ಹೊಸ ಪ್ರಯೋಗ. ನನ್ನದು ಬಣ್ಣದ ಜಿಲೆಟಿನ್ ಹಾಳೆ, ಅಕ್ರಿಲಿಕ್ ಕೊಳವೆಯ ಸುತ್ತ ಸುತ್ತಿದ್ದು. ಬಣ್ಣದಿಂದ ಬಣ್ಣಕ್ಕೆ ಜಾರುವ ಜಾಗಗಳಲ್ಲಿ ಹಾಳೆಗಳನ್ನು ಒಂದರ ಮೇಲೊಂದು ಹರಿದು ಹರಡಿದ್ದೇನೆ. ಕತ್ತರಿಯಿಂದ ಕತ್ತರಿಸಿದರೆ ಗೆರೆ ಎದ್ದು ಕಾಣುತ್ತದೆ.

ಹಗಲಿನಲ್ಲಿ ಹೊರಗಿನಿಂದ ನೋಡಿದರೆ ಗೋಪುರ ಮಂಕಾದ ಬೂದು ಬಣ್ಣದ್ದು. ಬಣ್ಣವೆಲ್ಲ ಒಳಗಿನವರಿಗೆ. ಮಾದರಿಯನ್ನು ಎಲ್ಲರೂ ನೋಡುವುದು ಹೊರಗಿನಿಂದಲೇ ಆದ್ದರಿಂದ ಒಂದು ಅಂಕಣವನ್ನು ತೆಗೆದಿಡಲು ಬರುವಂತೆ ಮಾಡಿ, ಅಲ್ಲಿಂದ ಕಣ್ಣಿಟ್ಟು ನೋಡುವ ವ್ಯವಸ್ಥೆ ಮಾಡಿದ್ದೇನೆ. ಸುತ್ತಲಿನ ಹದಿಮೂರು ಉಪಾಲಯಗಳು ಪಕ್ಕೆಲುಬುಗಳಿಗೆ ತಾಗದೆ ನೀಲಿ ಗಾಜಿನ ಕಿರುಪಟ್ಟಿಗಳಿಂದ ಬೇರೆಯಾಗಿ ನಿಲ್ಲುತ್ತವೆ. ಭಾರ ಹೊರುವುದು ಯಾವುದು, ಬರೀ ಆವರಿಸುವುದು ಯಾವುದು ಎಂಬುದನ್ನು ಗಿಬ್ಬರ್ಡ್ ಹೀಗೆ ಬೆಳಕಿನಲ್ಲೇ ಬರೆದಿಟ್ಟಿದ್ದಾರೆ. ಇಡೀ ಕಟ್ಟಡದಲ್ಲಿ ನನಗೆ ಅತಿ ಮೆಚ್ಚಿಗೆಯಾದ ಸಂಗತಿ ಇದು.

ಮ್ಯಾಸಿಡೋನಿಯಾದ ಸ್ಕೋಪ್ಯೆಯಿಂದ ತಂದ, 19 ಟನ್ ತೂಗುವ ಹತ್ತು ಅಡಿ ಉದ್ದದ ಬಿಳಿ ಅಮೃತಶಿಲೆಯ ಬಲಿಪೀಠ ನನ್ನಲ್ಲಿ ಒಂದೂವರೆ ಸೆಂಟಿಮೀಟರಿನ ಸೀಮೆಸುಣ್ಣದ ತುಂಡು. ನಿನ್ನೆ ರಾತ್ರಿ ಕೋಣೆಯ ದೀಪ ಆರಿಸಿ, ಮೇಲಿನಿಂದ ಫೋನಿನ ಟಾರ್ಚ್ ಹಿಡಿದು ಗೋಪುರದ ಸುತ್ತ ನಿಧಾನವಾಗಿ ತಿರುಗಿಸಿದೆ. ಸೀಮೆಸುಣ್ಣ ಮೊದಲು ನೀಲಿಯಾಯಿತು, ಬಳಿಕ ಕೆಂಪಾಯಿತು; ಹಳದಿಯ ಜಾಗದಲ್ಲಿ ಮಾತ್ರ ಬೆಳಕು ಬೆಳ್ಳಗೇ ಬಿದ್ದಿತು. ಅಲ್ಲಿಗೆ ಇನ್ನೊಂದು ಪದರ ಹಾಳೆ ಬೇಕು.

ಉಳಿದಿರುವುದು ಮುಖ್ಯದ್ವಾರದ ಮೇಲಿನ ಬೆಣೆಯಾಕಾರದ ಗಂಟೆಗೋಪುರ ಮತ್ತು ಉತ್ತರಕ್ಕಿರುವ ಲುಟ್ಯೆನ್ಸರ ನೆಲಮಾಳಿಗೆ. ಅದರ ಮೇಲ್ಛಾವಣಿಯನ್ನೇ ಗಿಬ್ಬರ್ಡ್ ಬಯಲು ಬಲಿಪೀಠವಿರುವ ಜಗಲಿಯಾಗಿ ಬಳಸಿಕೊಂಡರು. ಗೋಪುರದ ನಾಲ್ಕು ಗಂಟೆಗಳಿಗೆ ಮತ್ತಾಯ, ಮಾರ್ಕ, ಲೂಕ, ಯೊವಾನ್ನ ಎಂದು ನಾಲ್ವರು ಶುಭಸಂದೇಶಕಾರರ ಹೆಸರಿದೆ. ಹಳೆಯ ಗೆಜ್ಜೆಯೊಂದರಿಂದ ನಾಲ್ಕು ಮಣಿಗಳನ್ನು ಬಿಡಿಸಿ ತೆಗೆದಿಟ್ಟಿದ್ದೇನೆ. ನೆಲಮಾಳಿಗೆಗೆ ಹಲಗೆಯನ್ನು ಇನ್ನೂ ಒಂದಡಿ ಉದ್ದ ಮಾಡಬೇಕು. ಊಟದ ಮೇಜಿನ ವಿಷಯವನ್ನು ಮನೆಯಲ್ಲಿ ಇನ್ನೂ ಪ್ರಸ್ತಾಪಿಸಿಲ್ಲ.