ಮೊದಲು ಆಯಿಯನ್ನೇ ಕೇಳೋಣ

ವಿಜಯಪುರದ ಒಂದು ಆಸ್ಪತ್ರೆಯ ಎಮರ್ಜೆನ್ಸಿ ವಾರ್ಡಿನಲ್ಲಿ ನಾನು ನರ್ಸ್. ಇಂಡಿ, ಸಿಂದಗಿ, ತಿಕೋಟಾ ಕಡೆಯಿಂದ ತೀರಾ ನಿಶ್ಶಕ್ತರಾದ ಹಿರಿಯರು ಬರುತ್ತಾರೆ. "ಬಿದ್ದಾರ್ರಿ", "ಉಣ್ಣಾಕ ಒಲ್ಲೆ ಅಂತಾರ್ರಿ" ಎಂದು ಹೇಳುವವರು ಮಗ ಅಥವಾ ಸೊಸೆ. ನಾವು ಬಿಪಿ ನೋಡಿ, ಸಲೈನ್ ಹಚ್ಚಿ, ಇಸಿಜಿ ತೆಗೆದು ಮುಗಿಸಿದರೂ ರೋಗಿಯ ಬಾಯಿಂದ ಒಂದು ಮಾತೂ ಬಂದಿರುವುದಿಲ್ಲ.

ಈಗ ನಾನು ಪಕ್ಕದಲ್ಲಿ ಕೂತು ಕೇಳುತ್ತೇನೆ: "ಆಯಿ, ನಿಮಗ ಯಾವುದರ ಚಿಂತಿ ಜಾಸ್ತಿ ಐತ್ರಿ?" ಕಿವಿ ಮಂದವಿದ್ದರೆ ಕೂಗುವುದಿಲ್ಲ. ಮಾಸ್ಕ್ ಇಳಿಸಿ, ಮುಖ ಕಾಣುವಂತೆ ನಿಧಾನ ಮಾತಾಡುತ್ತೇನೆ. ಬದುಕಿಸಿ ಎನ್ನುವವರು ಕಡಿಮೆ. "ನನ್ನ ಕೈಲೇ ನಾ ಸಂಡಾಸಕ್ಕ ಹೋಗೂವಂಗ ಮಾಡವಾ" ಎನ್ನುವವರೇ ಹೆಚ್ಚು. ಮನೆಗೆ ಯಾವಾಗ ಬಿಡ್ತೀರಿ ಎನ್ನುತ್ತಾರೆ. ಏನು ಮಾಡ್ತಿದ್ದೀರಿ ಅಂತ ಹೇಳಿ ಮಾಡಿ, ಎನ್ನುವವರೂ ಇದ್ದಾರೆ.

ಈ ಉತ್ತರದಿಂದ ಚಿಕಿತ್ಸೆಯೇ ಬದಲಾಗುತ್ತದೆ. ನಡೆದು ಹೋಗಬೇಕು ಎನ್ನುವವರಿಗೆ ನಮ್ಮ ಅನುಕೂಲಕ್ಕೆ ಮೂತ್ರದ ನಳಿಕೆ ಹಾಕಿದರೆ ಅವರನ್ನು ಹಾಸಿಗೆಗೆ ಕಟ್ಟಿದಂತೆ. ಸೋಂಕಿನ ಭಯ ಬೇರೆ. ಕೈಹಿಡಿದು ಕರೆದೊಯ್ಯಲು ಆಗುವಾಗ ಅದು ಬೇಡ. ಸೊಂಟದ ಹತ್ತಿರ ತೊಡೆ ಮೂಳೆ ಮುರಿದಾಗ "ಈ ವಯಸ್ಸಿಗೆ ಆಪರೇಷನ್ ಯಾಕ್ರಿ?" ಎಂದು ಮನೆಯವರು ಹಿಂಜರಿಯುತ್ತಾರೆ. ಆದರೆ ಹಾಗೇ ಬಿಟ್ಟರೆ ಮಗ್ಗಲು ಬದಲಿಸಿದಾಗೆಲ್ಲ ನೋವು, ಬೆನ್ನಿಗೆ ಹುಣ್ಣು, ಎದೆಯಲ್ಲಿ ಕಫ. ನೋವಿಲ್ಲದೆ ಕೂತು ಉಣ್ಣಬೇಕು ಅಂತ ಆಯಿಗೆ ಆಸೆಯಿದ್ದರೆ, ಆಪರೇಷನ್ ಮಾಡಿಸುವುದು ಅದಕ್ಕಾಗಿಯೂ ಹೌದು. ಡಾಕ್ಟರ್ ಹೀಗೆ ಬಿಡಿಸಿ ಹೇಳಿದಾಗ ಮನೆಯವರು ಕೇಳಿಸಿಕೊಳ್ಳುವ ರೀತಿಯೇ ಬೇರೆ.

ಮನೆಯವರಿಗೆ ಕೇಳಲೇಬೇಕಾದ್ದೂ ಒಂದಿದೆ: ಎರಡು ವಾರದ ಹಿಂದೆ ಹೇಗಿದ್ದರು? ಕೆನಡಾದಲ್ಲಿ ರೂಪುಗೊಂಡ ಕ್ಲಿನಿಕಲ್ ಫ್ರೇಲ್ಟಿ ಸ್ಕೇಲ್ 65 ದಾಟಿದವರ ನಿಶ್ಶಕ್ತಿಯನ್ನು 1ರಿಂದ 9ರವರೆಗೆ ಅಳೆಯುತ್ತದೆ. ಅದರಲ್ಲಿ ನೋಡುವುದು ಇವತ್ತಿನ ಸ್ಥಿತಿಯನ್ನಲ್ಲ, ಕಾಯಿಲೆ ಬೀಳುವ ಮೊದಲಿನ ಸ್ಥಿತಿಯನ್ನು. ಈಗ ಕಣ್ಣೇ ತೆರೆಯದ ಅಜ್ಜ ಆಗ ಹೊಲಕ್ಕೆ ಹೋಗಿ ಬರುತ್ತಿದ್ದಿರಬಹುದು. ಅಂದರೆ ಈ ಮಂಪರು ಹೊಸದು. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಏನಾದರೂ ಇರಬಹುದು. ವಯಸ್ಸಾದವರಲ್ಲಿ ಜ್ವರವೇ ಕಾಣದಿರಬಹುದು. "ವಯಸ್ಸಾತು ಬಿಡ್ರಿ" ಅಂತ ಯಾರಾದರೂ ಅಂದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಬೇಡವಾದ ಚಿಕಿತ್ಸೆಯ ಬಗ್ಗೆ ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು. 2023ರಲ್ಲಿ ನಿಯಮ ಸಡಿಲಾಯಿತು. 2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಈ ಬಗ್ಗೆ ಸುತ್ತೋಲೆಯನ್ನೂ ಹೊರಡಿಸಿತು. ಆದರೂ ಅಂಥ ಪತ್ರ ತಂದವರನ್ನು ನಾನಿನ್ನೂ ನೋಡಿಲ್ಲ. ಅದಕ್ಕೇ ಹಿರಿಯರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಕೇಸ್ ಶೀಟಿನ ಮೇಲ್ಗಡೆ ಬರೆಯುತ್ತೇನೆ. ರಾತ್ರಿ ಪಾಳಿಯವರಿಗೆ ಓದಿ ಹೇಳುತ್ತೇನೆ. ಪುಣೆಯಿಂದಲೋ ಗೋವಾದಿಂದಲೋ ಮಗ ಬಂದಾಗ, ಆಯಿಯ ಎದುರಿಗೇ ಅವರಿಗೂ ಓದಿ ಹೇಳುತ್ತೇನೆ.